ಉಳಿದ ಮಗು, ಮರೆತ ನುಡಿ: ‘ಯಾದ್ ವಶೇಮ್’ ಕಾದಂಬರಿಯ ಮರು ಓದು

ನೇಮಿಚಂದ್ರ ಅವರ ‘ಯಾದ್ ವಶೇಮ್’ (2007) ಯಹೂದಿ ಮಗುವೊಂದು ನಾಜಿಗಳ ಕೈಯಿಂದ ಪಾರಾದ ಕಥೆಯನ್ನು ವಸ್ತುವಾಗಿಸಿಕೊಂಡ ಅಪರೂಪದ ಕನ್ನಡ ಕಾದಂಬರಿ. ಜರ್ಮನಿಯಿಂದ ತಂದೆಯೊಡನೆ ಬೆಂಗಳೂರಿಗೆ ಬಂದ ಬಾಲಕಿ ಇಲ್ಲಿ ಮುಸ್ಲಿಂ ಕುಟುಂಬವೊಂದರ ಆಸರೆಯಲ್ಲಿ ಬೆಳೆಯುತ್ತಾಳೆ. ಎಷ್ಟೋ ದಶಕಗಳ ನಂತರ, ಯುರೋಪಿನಲ್ಲಿ ಉಳಿದುಹೋದ ತನ್ನವರನ್ನು ಅರಸಿ ಹೊರಡುತ್ತಾಳೆ. ಕೆ. ನಲ್ಲತಂಬಿ ಅವರು ಮಾಡಿದ ಇದರ ತಮಿಳು ಅನುವಾದಕ್ಕೆ ಸಾಹಿತ್ಯ ಅಕಾದೆಮಿಯ 2022ರ ಅನುವಾದ ಪುರಸ್ಕಾರ ಸಂದಿದೆ. ಹೀಗಾಗಿ ಬೇರಿಕೆ, ಹೊಸೂರು ಭಾಗದ ದ್ವಿಭಾಷಿಕ ಓದುಗರಿಗೆ ಈ ಕೃತಿ ಎರಡು ಬಾಗಿಲುಗಳಿಂದ ತೆರೆದುಕೊಳ್ಳುತ್ತದೆ.

ಈ ಕಾದಂಬರಿಯನ್ನು ನಮ್ಮ ನಾಡಿನ ಸಹಿಷ್ಣುತೆಗೆ ದೊರೆತ ಪ್ರಮಾಣಪತ್ರವೆಂದು ಓದಿಬಿಡುವುದು ಸುಲಭ. ಚರಿತ್ರೆ ಅಷ್ಟು ಸರಳವಾಗಿಲ್ಲ. 1933ರಲ್ಲಿ ಗಾಟಿಂಗೆನ್‌ನ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮಾಕ್ಸ್ ಬಾರ್ನ್ 1935–36ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಕಾಯಂ ಹುದ್ದೆ ದೊರೆಯದೆ ಮರಳಿದರು. ಅವರ ಬಂಧು, ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್‌ಗೆ 1939ರಲ್ಲಿ ಮೈಸೂರು ಸಂಸ್ಥಾನ ಕೆಲಸ ಕೊಟ್ಟಿತು. ಇವರಿಬ್ಬರಿಗೂ ಇಲ್ಲಿನ ಬಾಗಿಲು ತೆರೆದದ್ದು ವಿದ್ಯೆಯ ಬಲದಿಂದ. ಯಾವ ವಿದ್ಯೆಯೂ ಇಲ್ಲದ ಮಗುವಿಗೆ ಅಂಥ ಬಲ ಎಲ್ಲಿಂದ ಬರಬೇಕು? ಕಾದಂಬರಿಯಲ್ಲಿ ಆ ಬಲವಾಗಿ ನಿಲ್ಲುವುದು ಒಂದು ಮನೆ.

ಮಕ್ಕಳಿಗಾಗಿಯೇ ಬಾಗಿಲು ತೆರೆದ ಪ್ರಸಿದ್ಧ ನಿದರ್ಶನ ಬ್ರಿಟನ್ನಿನ ಕಿಂಡರ್‌ಟ್ರಾನ್ಸ್‌ಪೋರ್ಟ್. 1938ರ ನವೆಂಬರಿನ ಹಿಂಸಾಚಾರದ ಬೆನ್ನಲ್ಲೇ ಹೊರಟ ಮೊದಲ ತಂಡ ಡಿಸೆಂಬರ್ 2ರಂದು ಹಾರ್ವಿಚ್ ಬಂದರು ತಲುಪಿತು. ಯುದ್ಧ ಆರಂಭವಾಗುವ ಹೊತ್ತಿಗೆ ಸುಮಾರು 10,000 ಮಕ್ಕಳು ಪಾರಾಗಿದ್ದರು. ಪ್ರಾಗ್‌ನಿಂದ ನಿಕೊಲಸ್ ವಿಂಟನ್ ಮತ್ತು ಸಂಗಡಿಗರು ಕಳುಹಿಸಿದ 669 ಮಕ್ಕಳೂ ಇವರಲ್ಲಿ ಸೇರಿದ್ದಾರೆ. ತಂದೆತಾಯಿಗಳು ಜೊತೆಗೆ ಬರುವಂತಿರಲಿಲ್ಲ. ಬಹುಪಾಲು ಮಕ್ಕಳು ಅವರನ್ನು ಮತ್ತೆ ಕಾಣಲಿಲ್ಲ. ಎಳೆಯ ಮಕ್ಕಳಲ್ಲಿ ಎಷ್ಟೋ ಮಂದಿ ಜರ್ಮನ್ ನುಡಿಯನ್ನು ಮರೆತರು. ಬದುಕಿ ಬಂದ ತಾಯಿ ಎದುರು ನಿಂತಾಗ ಆಡಲು ಸಮಾನವಾದ ಭಾಷೆಯೇ ಉಳಿಯದ ಸಂದರ್ಭಗಳೂ ಇದ್ದವು. ಜೀವ ಉಳಿದರೂ ರಕ್ಷಣೆ ಅರ್ಧದಲ್ಲೇ ನಿಂತಿತ್ತು.

ಕಾದಂಬರಿಯ ಶಕ್ತಿ ಇರುವುದು ಈ ಉಳಿದರ್ಧವನ್ನು ಕೈಗೆತ್ತಿಕೊಳ್ಳುವುದರಲ್ಲಿ. ಬೆಂಗಳೂರು ತಲುಪಿದೊಡನೆ ಕಥೆ ಮುಗಿಯುವುದಿಲ್ಲ. ಹುಡುಕಾಟವೂ ರಕ್ಷಣೆಯ ಮುಂದುವರಿಕೆಯಾಗುತ್ತದೆ. ‘ಯಾದ್ ವಶೇಮ್’ ಎಂಬ ಹೀಬ್ರೂ ಮಾತಿಗೆ ‘ಸ್ಮಾರಕ ಮತ್ತು ಹೆಸರು’ ಎಂದರ್ಥ. ಇದೇ ಹೆಸರಿನಲ್ಲಿ 1953ರಲ್ಲಿ ಜೆರುಸಲೇಮಿನಲ್ಲಿ ಸ್ಥಾಪಿತವಾದ ಸಂಸ್ಥೆ, ಪ್ರಾಣದ ಹಂಗು ತೊರೆದು ಯಹೂದಿಗಳನ್ನು ಕಾಪಾಡಿದ ಅನ್ಯಧರ್ಮೀಯರನ್ನು ಗೌರವಿಸುತ್ತದೆ. ಬೆಂಗಳೂರಿನ ಮುಸ್ಲಿಂ ಮನೆ ಆ ಪಟ್ಟಿಗೆ ಸೇರುವಂಥದಲ್ಲ. ಅಲ್ಲಿ ಪ್ರಾಣಾಪಾಯವಿರಲಿಲ್ಲ, ದಿನನಿತ್ಯದ ಅನ್ನ ಮತ್ತು ಮಮತೆ ಇದ್ದವು. ಆ ಸಂಸ್ಥೆಯ ಹೆಸರನ್ನೇ ಶೀರ್ಷಿಕೆಯಾಗಿಸಿಕೊಂಡು, ಇಂಥ ಮನೆಗೂ ಸ್ಮರಣೆಯಲ್ಲಿ ಜಾಗ ಕೊಟ್ಟಿರುವುದು ಲೇಖಕಿಯ ವಿಮರ್ಶಾತ್ಮಕ ನಡೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಜರ್ಮನ್ ಆಡುತ್ತಿದ್ದ ಮಗು, ದಕ್ಖನಿ ಉರ್ದುವಿನ ನೆರೆ, ಕನ್ನಡ ಮತ್ತು ತಮಿಳು ಬೆರೆತ ಊರು: ಇವೆಲ್ಲವನ್ನೂ ಕನ್ನಡ ಕಾದಂಬರಿ ಕನ್ನಡದಲ್ಲೇ ಹೇಳಬೇಕು. ಇದು ಪ್ರಕಾರದ ಅನಿವಾರ್ಯತೆ. ಅದಕ್ಕೊಂದು ಬೆಲೆಯೂ ಇದೆ. ನಿರೂಪಣೆ ಸರಾಗವಾದಷ್ಟೂ ಮೊದಲ ನುಡಿಯ ನಷ್ಟ ಓದುಗರ ಕಿವಿಗೆ ಬೀಳದೆ ಹೋಗುತ್ತದೆ. ತಮಿಳಿಗೆ ಬಂದಾಗ ಅದರ ಮೇಲೆ ಇನ್ನೊಂದು ಪದರ ಸೇರುತ್ತದೆ.

ಬೇರಿಕೆಯಂಥ ಊರಿನಲ್ಲಿ ಮನೆಯ ನುಡಿ, ಸಂತೆಯ ನುಡಿ, ಶಾಲೆಯ ನುಡಿ ಬೇರೆಬೇರೆಯಾಗಿರುವುದು ನಿತ್ಯದ ಸಂಗತಿ. ನಮ್ಮ ಅಳಲನ್ನು ಆ ನರಮೇಧದೊಂದಿಗೆ ಹೋಲಿಸುವುದು ಅನುಚಿತ. ಅಲ್ಲಿ ಪಣಕ್ಕಿದ್ದದ್ದು ಪ್ರಾಣ. ಆದರೆ ಆಸರೆ ಪಡೆದ ಮಗು ಯಾವ ನುಡಿಯಲ್ಲಿ ನೆನೆಯುತ್ತದೆ, ಯಾವುದರಲ್ಲಿ ಮರೆಯುತ್ತದೆ ಎಂಬುದನ್ನು ಗುರುತಿಸುವ ಕಿವಿ ಇಲ್ಲಿನ ಓದುಗರಿಗಿದೆ. ಕನ್ನಡ, ತಮಿಳು ಪಠ್ಯಗಳೆರಡನ್ನೂ ಎದುರುಬದುರು ಇಟ್ಟು, ಬಂಧುವಾಚಕಗಳು, ಪ್ರಾರ್ಥನೆಯ ಮಾತುಗಳು, ಕರೆಯುವ ಹೆಸರುಗಳು ಎರಡರಲ್ಲಿ ಹೇಗೆ ನಡೆದುಕೊಂಡಿವೆ ಎಂದು ನೋಡುವ ಅಧ್ಯಯನ ಇನ್ನು ಇಲ್ಲಿಂದಲೇ ಆರಂಭವಾಗಬೇಕು.