‘ಸ್ಟೋರಿ ಒಕಟೇ ಕದಾ ಸಾರ್’

ಹೈದರಾಬಾದಿನ ಕನ್ನಡಿಗರ ನಡುವೆ ಸಿನಿಮಾದ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕೇಳಿಸುತ್ತದೆ: ‘ಈಗೇನು ಬಿಡಿ, ಎಲ್ಲಾ ಮೊಬೈಲಲ್ಲೇ ಸಿಗುತ್ತೆ.’ ಆ ‘ಎಲ್ಲಾ’ದ ಬಗ್ಗೆ ನನಗೆ ತಕರಾರಿದೆ. ಡಿಸ್ಕ್ ಮನೆಗೆ ತರಿಸಿಕೊಳ್ಳುತ್ತಿದ್ದ ಕಾಲಕ್ಕಿಂತ ಸಿನಿಮಾ ನೋಡುವುದು ಈಗ ಸಲೀಸು, ನಿಜ. ಕನ್ನಡ ಸಿನಿಮಾ ನೋಡುವುದೂ ಅಷ್ಟೇ ಸಲೀಸಾಗಿದೆಯೇ?

ಈಗಿನ ವಿದ್ಯಾರ್ಥಿಗಳಿಗೆ ಆ ಕಾಲ ಗೊತ್ತಿರಲಾರದು. ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ 1998ರಲ್ಲಿ ಅಂಚೆಯ ಮೂಲಕ ಡಿವಿಡಿ ಬಾಡಿಗೆ ಕೊಡಲು ಶುರುಮಾಡಿತು. ಅದರ ಕೆಂಪು ಲಕೋಟೆಗಳು 2023ರ ಸೆಪ್ಟೆಂಬರಿನವರೆಗೂ ಓಡಾಡಿದವು. ಅದೇ ಮಾದರಿಯಲ್ಲಿ ನಮ್ಮಲ್ಲಿ ಬೆಂಗಳೂರಿನ ಸೆವೆಂಟಿಎಂಎಂ ಬಂತು, 2008ರಲ್ಲಿ ರಿಲಯನ್ಸಿನ ಬಿಗ್‌ಫ್ಲಿಕ್ಸ್ ಬಂತು, ಸಣ್ಣಪುಟ್ಟವು ಇನ್ನೂ ಕೆಲವು. ವೆಬ್‌ಸೈಟಿನಲ್ಲಿ ಬೇಕಾದ ಚಿತ್ರಗಳ ಪಟ್ಟಿ ಮಾಡಿಡಬೇಕು, ತಿಂಗಳ ಚಂದಾ ಕಟ್ಟಬೇಕು. ಹುಡುಗ ಬಂದು ಹೊಸ ಡಿಸ್ಕ್ ಕೊಟ್ಟು ಹಳೆಯದನ್ನು ಒಯ್ಯುತ್ತಾನೆ. ನಾಲ್ಕು ಜನ ಒಂದು ಫ್ಲಾಟಿನಲ್ಲಿದ್ದರೆ ಚಂದಾ ಒಂದೇ, ಪಟ್ಟಿಯ ಮೇಲಿನ ಜಗಳ ಮಾತ್ರ ನಾಲ್ಕು.

ಆಗಲೇ ಆನ್‌ಲೈನಿನಲ್ಲೂ ಸಿನಿಮಾ ತೋರಿಸುತ್ತೇವೆಂಬ ಜಾಹೀರಾತುಗಳಿದ್ದವು. ಲೆಕ್ಕ ಹಾಕಿದರೆ ನಗು ಬರುತ್ತದೆ. 2004ರ ಸರ್ಕಾರಿ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದೇ ಬ್ರಾಡ್‌ಬ್ಯಾಂಡ್. ಬಡಪಾಯಿ ವಿಸಿಡಿಯ ಚಿತ್ರಕ್ಕೇ ಸೆಕೆಂಡಿಗೆ 1,100 ಕಿಲೋಬಿಟ್ಟಿಗಿಂತ ಹೆಚ್ಚು ಬೇಕು. 4.7 ಜಿಬಿಯ ಒಂದು ಡಿವಿಡಿಯನ್ನು ಆ ವೇಗದಲ್ಲಿ ಇಳಿಸಿಕೊಳ್ಳಲು ಸುಮಾರು 41 ಗಂಟೆ. ಅಷ್ಟರಲ್ಲಿ ಬೈಕಿನ ಹುಡುಗ ಡಿಸ್ಕ್ ತಂದುಕೊಟ್ಟು, ನಾವು ನೋಡಿ ಮುಗಿಸಿ, ಮುಂದಿನದಕ್ಕೆ ಕಾಯುತ್ತಿರುತ್ತಿದ್ದೆವು. ಸ್ಟ್ರೀಮಿಂಗ್ ಎಂದರೆ ಆಗ ಪರದೆಯ ನಡುವೆ ಸುತ್ತುವ ಚಕ್ರ, ಅಷ್ಟೆ.

ವೇಗದ ತೊಂದರೆ ಕಾಲ ಕಳೆದಂತೆ ತೀರುವಂಥದ್ದು, ತೀರಿತು ಕೂಡ. ತೀರದೆ ಉಳಿದದ್ದು ಬೇರೆ. ನಾನು ಸದಸ್ಯನಾಗಿದ್ದ ಸೇವೆಯಲ್ಲಿ (ಹೆಸರು ಬೇಡ) ಕನ್ನಡಕ್ಕೆ ಸ್ವಂತ ವಿಭಾಗವಿರಲಿಲ್ಲ. ‘ಪ್ರಾದೇಶಿಕ’ ಎಂಬ ಗೋಣಿಚೀಲದೊಳಗೆ ಕೈಹಾಕಿ ತಡಕಬೇಕಿತ್ತು. ‘ಗೆಜ್ಜೆ ಪೂಜೆ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಯಾವನೋ ಹೇಗೆ ಬರೆದಿದ್ದಾನೋ ಹಾಗೆಯೇ ಬರೆದರೆ ಮಾತ್ರ ಅದು ಸಿಗುವುದು. ಒಮ್ಮೆ ‘ಆಪ್ತಮಿತ್ರ’ ಕೇಳಿದರೆ ತೆಲುಗಿನ ‘ಚಂದ್ರಮುಖಿ’ ಬಂತು. ಫೋನು ಮಾಡಿದೆ. ಆ ಕಡೆಯ ಹುಡುಗ ಸಮಾಧಾನವಾಗಿ ಹೇಳಿದ: ‘ಸ್ಟೋರಿ ಒಕಟೇ ಕದಾ ಸಾರ್.’ ಕತೆ ಒಂದೇ ಅಲ್ಲವೇ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮಾತು ಇಂದು ದೊಡ್ಡ ದೊಡ್ಡ ಕಂಪನಿಗಳ ವ್ಯಾಪಾರನೀತಿಯಾಗಿದೆ ಎಂಬುದೇ ನನ್ನ ಆಕ್ಷೇಪ. ಕನ್ನಡಿಗನು ತೆಲುಗು, ತಮಿಳು, ಹಿಂದಿ ಎಲ್ಲವನ್ನೂ ನೋಡುತ್ತಾನೆ, ಆದ್ದರಿಂದ ಅವನಿಗಾಗಿ ಕನ್ನಡವನ್ನು ಕೊಳ್ಳುವ ಅಗತ್ಯವಿಲ್ಲ: ಇದು ಆ ಹುಡುಗನ ತರ್ಕವೇ, ಸ್ವಲ್ಪ ಇಸ್ತ್ರಿ ಮಾಡಿದ್ದು. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಯ ‘ಏಕಂ’ ಸರಣಿಗೆ ಯಾವ ಒಟಿಟಿಯೂ ಮುಂದೆ ಬಾರದೆ, 2024ರ ಜುಲೈನಲ್ಲಿ ಅದು ತನ್ನದೇ ವೆಬ್‌ಸೈಟ್ ಕಟ್ಟಿಕೊಂಡು ಬಿಡುಗಡೆಯಾಗಬೇಕಾಯಿತು. ಜನರಿಂದ ಹಣ ಕೂಡಿಸಿ ‘ಲೂಸಿಯಾ’ ತೆಗೆದ 2013ಕ್ಕೂ ಇದಕ್ಕೂ ಹನ್ನೊಂದು ವರ್ಷ. ನಡುವೆ ಇಂಟರ್ನೆಟ್ಟು ಎಷ್ಟು ಪಟ್ಟು ವೇಗವಾಯಿತು ನೋಡಿ. ಕನ್ನಡದವನು ಮಾತ್ರ ಇನ್ನೂ ತನ್ನ ಜಗಲಿಯನ್ನು ತಾನೇ ಕಟ್ಟಿಕೊಳ್ಳುತ್ತಿದ್ದಾನೆ.

ಡಿಸ್ಕಿನ ಕಾಲವನ್ನು ನಾನು ಹೊಗಳುತ್ತಿಲ್ಲ. ಗೀರು ಬಿದ್ದು ಕ್ಲೈಮ್ಯಾಕ್ಸಿನಲ್ಲೇ ನಿಂತುಹೋಗುವ ಡಿಸ್ಕುಗಳನ್ನು ಅಂಗಿಯ ತುದಿಯಿಂದ ಒರೆಸಿದವರಿಗೆ ಆ ಕಾಲದ ಮೇಲೆ ವ್ಯಾಮೋಹ ಉಳಿದಿರುವುದಿಲ್ಲ. ಆದರೆ ಡಿಸ್ಕಿಗೆ ಒಂದು ಗುಣವಿತ್ತು: ಕೈಗೆ ಬಂದ ಮೇಲೆ ಅದು ಬದಲಾಗುತ್ತಿರಲಿಲ್ಲ. ‘ಕಾಂತಾರ’ವನ್ನು ನೆನಪಿಸಿಕೊಳ್ಳಿ. ಇಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು 2022ರ ಅಕ್ಟೋಬರ್ 15ರಂದು ಬಂದ ತೆಲುಗು ಆವೃತ್ತಿಯಲ್ಲಿ. ಕನ್ನಡದಲ್ಲಿ ನೋಡೋಣವೆಂದು ಕಾದವರು ನವೆಂಬರ್ 24ರಂದು ಪ್ರೈಮ್ ವಿಡಿಯೋ ತೆರೆದರೆ ‘ವರಾಹ ರೂಪಂ’ ಹಾಡಿನ ಧಾಟಿಯೇ ಬೇರೆ! ಥೈಕ್ಕುಡಂ ಬ್ರಿಜ್ ತಂಡ ಹೂಡಿದ್ದ ಮೊಕದ್ದಮೆಯಿಂದ ಆದ ಬದಲಾವಣೆ ಅದು. ಕೆಲವು ದಿನಗಳ ಮೇಲೆ ಹಳೆಯ ಧಾಟಿ ಮರಳಿತು. ಮೊಕದ್ದಮೆಯ ಸರಿತಪ್ಪು ಹಾಗಿರಲಿ. ದುಡ್ಡು ಕೊಟ್ಟ ನೋಡುಗನ ಮನೆಯಲ್ಲಿ ಅವನನ್ನು ಕೇಳದೆ ಸಿನಿಮಾ ಬದಲಾಗಬಹುದು ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಕಪಾಟು ಬರಿದಾಗಿರುವುದಕ್ಕೆ ಕಾನೂನಿನ ಕಾರಣವೂ ಇದೆ. ಅಮೆರಿಕದಲ್ಲಿ ಕೊಂಡ ಡಿಸ್ಕನ್ನು ಬಾಡಿಗೆಗೆ ಕೊಡಲು ಯಾರ ಅಪ್ಪಣೆಯೂ ಬೇಡ. ನೆಟ್‌ಫ್ಲಿಕ್ಸಿನ ಡಿಸ್ಕಿನ ಪಟ್ಟಿ ಅಷ್ಟು ಉದ್ದವಾಗಿದ್ದುದಕ್ಕೆ ಇದೊಂದು ಕಾರಣ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಚಿತ್ರವನ್ನು ಬಾಡಿಗೆಗೆ ಕೊಡುವ ಹಕ್ಕನ್ನೂ ಹಕ್ಕುದಾರರ ಕೈಯಲ್ಲೇ ಇಟ್ಟಿದೆ. ವಿದೇಶದಿಂದ ತಂದ ಅಸಲಿ ಡಿವಿಡಿಗಳನ್ನೂ ಅನುಮತಿಯಿಲ್ಲದೆ ಬಾಡಿಗೆಗೆ ಕೊಡಕೂಡದೆಂದು ದೆಹಲಿ ಹೈಕೋರ್ಟ್ 2009ರಲ್ಲಿ, ವಾರ್ನರ್ ಬ್ರದರ್ಸ್ ಹೂಡಿದ ದಾವೆಯಲ್ಲಿ ಹೇಳಿತು. ಸ್ಟ್ರೀಮಿಂಗಿನಲ್ಲಂತೂ ಎಲ್ಲವೂ ಪರವಾನಗಿಯ ಮೇಲೆ, ಅದೂ ಅವಧಿಗೆ ಕಟ್ಟಿದ್ದು. ಹಕ್ಕುಗಳು ಹಂಚಿಹೋಗಿರುವ ಹಳೆಯ ಕನ್ನಡ ಚಿತ್ರಕ್ಕಾಗಿ ಅಷ್ಟೆಲ್ಲ ಓಡಾಡುವವರು ಯಾರು? 1977ರ ‘ಘಟಶ್ರಾದ್ಧ’ದ ಜೀರ್ಣೋದ್ಧಾರವಾದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದವರೆಗೆ ಹೋಯಿತು. ಅಂಥ ಭಾಗ್ಯ ಎಷ್ಟು ಚಿತ್ರಗಳಿಗೆ? ಉಳಿದವು ಯೂಟ್ಯೂಬಿನಲ್ಲಿ, ಮೂಲೆಯಲ್ಲೊಂದು ಲೋಗೋ ಅಂಟಿಸಿಕೊಂಡು, ಮಸುಕು ಮಸುಕಾಗಿ.

ಆದರೆ ಅದೇ ಕಾನೂನಿನಲ್ಲಿ ಒಂದು ಕಿಂಡಿಯಿದೆ, ನಮ್ಮವರು ಯಾಕೋ ಅದರತ್ತ ನೋಡಿಲ್ಲ. 2012ರ ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದ ಗ್ರಂಥಾಲಯವು ಕ್ರಮವಾಗಿ ಪಡೆದ ಪ್ರತಿಯನ್ನು ಲಾಭಕ್ಕಲ್ಲದೆ ಎರವಲು ಕೊಟ್ಟರೆ ಅದು ‘ವಾಣಿಜ್ಯ ಬಾಡಿಗೆ’ ಅಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರಲು ಹೊರಟಾಗ ನಮ್ಮಲ್ಲಿ ಎಷ್ಟು ಮಂದಿ ಚೀಲ ತುಂಬಿಸಿಕೊಂಡಿರಲಿಲ್ಲ! ಊರಿಗೆ ಹೋದಾಗ ಜಯನಗರದ ಟೋಟಲ್ ಕನ್ನಡದಿಂದ ತಂದವೂ ಇವೆ. ಅವೆಲ್ಲ ಈಗ ಕೂಕಟ್‌ಪಲ್ಲಿಯ, ಮಿಯಾಪುರದ ಅಟ್ಟಗಳ ಮೇಲೆ ಧೂಳು ತಿನ್ನುತ್ತಿವೆ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಡಿಸ್ಕುಗಳಿಗೊಂದು ಬೀರು ಅಲ್ಲಿ ಹೆಚ್ಚಾಗಲಾರದು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲವಾದ್ದರಿಂದ, ಓಡುವ ಸ್ಥಿತಿಯಲ್ಲಿರುವ ಪ್ಲೇಯರನ್ನು ಇನ್ನೂ ಗುಜರಿಗೆ ಹಾಕದವರು ಅದನ್ನೂ ಜೊತೆಗೇ ಕೊಟ್ಟರೆ ಒಳ್ಳೆಯದು.