ಕೃಷ್ಣಸಂಧಾನದಲ್ಲಿ ಮಧ್ಯಸ್ಥನಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಬಡಗುತಿಟ್ಟಿನ ಆಟಗಳಲ್ಲಿಯೂ ತಾಳಮದ್ದಳೆಯ ಕೂಟಗಳಲ್ಲಿಯೂ ಬಹುಕಾಲದಿಂದ ಆದರಕ್ಕೆ ಪಾತ್ರವಾದ ಪ್ರಸಂಗಗಳಲ್ಲಿ ದೇವೀದಾಸಕವಿಯ 'ಕೃಷ್ಣಸಂಧಾನ'ವೊಂದು. ಇದರ ಕೃಷ್ಣನನ್ನು ಆದರ್ಶ ಮಧ್ಯಸ್ಥನೆಂದು ಅರ್ಥ ಹೇಳುವುದುಂಟು. ವ್ಯಾಜ್ಯಪರಿಹಾರವನ್ನು ಕುರಿತ ಭಾಷಣಗಳಲ್ಲಿಯೂ ಇದನ್ನೇ ದೃಷ್ಟಾಂತವಾಗಿ ಎತ್ತಿಕೊಳ್ಳುವರು. ಈ ವ್ಯಾಖ್ಯಾನವು ಶಾಸ್ತ್ರಕ್ಕೂ ಕಥಾವಸ್ತುವಿಗೂ ಒಪ್ಪುವುದೇ ಎಂಬುದು ವಿಚಾರಣೀಯವಾಗಿದೆ.

ಮೊದಲು ಶಬ್ದವನ್ನು ನೋಡುವ. ಸಂಧಾನವೆಂದರೆ ಜೋಡಿಸುವಿಕೆ. ಮುರಿದ ಸ್ನೇಹವನ್ನು ಕೂಡಿಸುವುದೂ ಸಂಧಾನವೇ. ಬಿಲ್ಲಿನ ಹೆದೆಗೆ ಬಾಣವನ್ನು ಹೂಡುವುದೂ ಸಂಧಾನವೇ. ಮಧ್ಯಸ್ಥನಾದರೋ ನಡುವೆ ನಿಂತವನು. ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸೇರದವನು. ಸಂಧಾನವನ್ನು ಮಾಡುವವನೆಲ್ಲ ಮಧ್ಯಸ್ಥನಾಗಬೇಕೆಂಬ ನಿಯಮವಿಲ್ಲ.

ಕೌಟಿಲ್ಯನು ದೂತರನ್ನು ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು. ಕೊಟ್ಟ ಮಾತನ್ನು ಮುಟ್ಟಿಸುವವನು ಕಡೆಯವನು. ಸಮಯೋಚಿತವಾಗಿ ಕಾರ್ಯವನ್ನು ನಿರ್ಣಯಿಸುವ ಪೂರ್ಣಾಧಿಕಾರವುಳ್ಳವನು ಮೊದಲನೆಯವನು. ಧೃತರಾಷ್ಟ್ರನ ಮಾತನ್ನು ಹೊತ್ತುತಂದ ಸಂಜಯನು ಶಾಸನಹರನಿಗೆ ಸಮೀಪನು. ಹಿತವೆಂದು ತೋರಿದುದನ್ನು ನುಡಿಯೆಂದು ಧರ್ಮರಾಯನಿಂದ ಕಳುಹಿಸಲ್ಪಟ್ಟ ಕೃಷ್ಣನು ನಿಸೃಷ್ಟಾರ್ಥನು. ಕೌರವನ ಔತಣವನ್ನೊಲ್ಲದೆ, ದೂತರು ಕಾರ್ಯ ಸಿದ್ಧಿಸಿದ ಮೇಲೆಯೇ ಉಣ್ಣುವರೆಂದು ವ್ಯಾಸಭಾರತದಲ್ಲಿ ಅವನೇ ಹೇಳುವನು. ತಾನಾರೆಂಬುದರಲ್ಲಿ ಕೃಷ್ಣನಿಗೆ ಸಂದೇಹವಿಲ್ಲ, ಸಂದೇಹವು ವ್ಯಾಖ್ಯಾನಕಾರರದು.

ಭಾರತ ಸರ್ಕಾರದ 2023ರ ಮಧ್ಯಸ್ಥಿಕೆಯ ಕಾಯಿದೆಯನ್ನು ಇದರೊಡನೆ ಹೋಲಿಸಿ ನೋಡಬಹುದು. ಅದರ ಕಲಂಗಳನ್ನೆಲ್ಲ ಒಂದೇ ಸಲ ಜಾರಿಗೆ ತರಲಿಲ್ಲವಾದರೂ ಮಧ್ಯಸ್ಥನ ಲಕ್ಷಣವನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಅವನು ಸ್ವತಂತ್ರನೂ ನಿಷ್ಪಕ್ಷಪಾತಿಯೂ ಆಗಿರಬೇಕು, ತನ್ನ ತಾಟಸ್ಥ್ಯವನ್ನು ಸಂಶಯಕ್ಕೀಡುಮಾಡುವ ಸಂಬಂಧಗಳಿದ್ದರೆ ಮೊದಲೇ ತಿಳಿಸಬೇಕು, ಗುಟ್ಟನ್ನು ಕಾಯಬೇಕು, ಒಪ್ಪಂದವನ್ನು ಯಾರ ಮೇಲೂ ಹೇರಕೂಡದು. ಪಾರ್ಥನ ಸಾರಥ್ಯವನ್ನು ಮೊದಲೇ ಒಪ್ಪಿಕೊಂಡವನು, ಬಿಚ್ಚುಮುಡಿಯ ದ್ರೌಪದಿಗೆ ಕೌರವನಾಶದ ಭರವಸೆಯಿತ್ತು ಹೊರಟವನು, ಈ ಲಕ್ಷಣಕ್ಕೆ ಹೇಗೆ ಸಲ್ಲುವನು?

ಕರ್ಣಭೇದನದ ಸಂದರ್ಭದಲ್ಲಿ ಈ ಭೇದವು ಇನ್ನೂ ನಿಚ್ಚಳವಾಗುವುದು. ಜನ್ಮರಹಸ್ಯವನ್ನು ತಿಳಿಸಿ, ರಾಜ್ಯದ ಆಸೆಯನ್ನು ತೋರಿಸಿ, ಎದುರುಪಕ್ಷದ ಆಧಾರಸ್ತಂಭವನ್ನು ಸೆಳೆಯಹೊರಡುವುದು ಮಧ್ಯಸ್ಥನಿಗೆ ಮಹಾದೋಷ. ಆದರೆ ಮಿತ್ರಭೇದವನ್ನು ಕೌಟಿಲ್ಯನು ದೂತಕರ್ಮಗಳಲ್ಲಿಯೇ ಎಣಿಸಿದ್ದಾನೆ. ಕೃಷ್ಣನನ್ನು ಮಧ್ಯಸ್ಥನೆಂದೊಪ್ಪಿದ ಅರ್ಥಧಾರಿಯು ಇಲ್ಲಿ ದೇವಲೀಲೆಯ ಮರೆಹೊಗಬೇಕಾಗುವುದು; ದೂತನೆಂದೊಪ್ಪಿದವನಿಗೆ ಪಾತ್ರವು ಮೊದಲಿನಿಂದ ಕಡೆಯವರೆಗೆ ಏಕರೂಪವಾಗಿ ನಿಲ್ಲುವುದು.

ಹಾಗಾದರೆ ಮಧ್ಯಸ್ಥನಾರು? ಭೀಷ್ಮದ್ರೋಣರು ಹಿತವನ್ನು ನುಡಿದರು, ಆದರೆ ಅವರು ಕೌರವನ ಅನ್ನದ ಋಣಿಗಳು. ವಿದುರನಿಗೆ ಧರ್ಮಜ್ಞಾನವಿತ್ತು, ಅಧಿಕಾರವಿರಲಿಲ್ಲ. ಇಬ್ಬರಿಗೂ ಬೇಕಾದವನು ಬಲರಾಮನೊಬ್ಬನೇ; ಅವನು ತೀರ್ಥಯಾತ್ರೆಗೆ ಹೊರಟುಹೋದನು. ನಡುವೆ ನಿಲ್ಲಬಲ್ಲವನು ದೂರ ಹೋದನು, ಸಭೆಗೆ ಬಂದವನು ಪಕ್ಷದವನಾಗಿದ್ದನು. ಈ ಕಥೆಯ ದುರಂತವು ಮಧ್ಯಸ್ಥಿಕೆಯ ಸೋಲಲ್ಲ, ಮಧ್ಯಸ್ಥನ ಅಭಾವ.

ಈ ವಿವೇಚನೆಯಿಂದ ಇಂದಿನ ಕನ್ನಡಕ್ಕೂ ಪ್ರಯೋಜನವಿದೆ. 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ನಡೆಯುವುದು ಉಭಯರನ್ನು ಒಪ್ಪಿಸುವ ಕಾರ್ಯ. 1996ರ ಆರ್ಬಿಟ್ರೇಷನ್ ಕಾಯಿದೆಯ ಪ್ರಕಾರ ಉಭಯರೂ ಬದ್ಧರಾಗಬೇಕಾದ ತೀರ್ಪನ್ನು ಕೊಡುವುದು ಬೇರೆ ಕಾರ್ಯ. ಎರಡಕ್ಕೂ ಮಧ್ಯಸ್ಥಿಕೆಯೆಂಬ ಒಂದೇ ಹೆಸರು ಬಳಕೆಯಲ್ಲಿರುವುದರಿಂದ, ಕಾಗದಕ್ಕೆ ರುಜು ಹಾಕುವವನಿಗೆ ತಾನು ಒಪ್ಪದಿರುವ ಹಕ್ಕನ್ನು ಉಳಿಸಿಕೊಂಡೆನೋ ಬಿಟ್ಟುಕೊಟ್ಟೆನೋ ಎಂಬುದು ತಿಳಿಯದು. ಪಕ್ಷದವರೋ ಅವರ ದೂತರೋ ನೇರವಾಗಿ ಮಾತಾಡುವುದಕ್ಕೆ ಸಂಧಾನವೆಂದೂ, ನಡುವಣವನು ಒಪ್ಪಿಸುವುದಕ್ಕೆ ಮಧ್ಯಸ್ಥಿಕೆಯೆಂದೂ, ಆರಿಸಿಕೊಂಡವರು ತೀರ್ಪು ಕೊಡುವುದಕ್ಕೆ ಪಂಚಾಯಿತಿಕೆಯೆಂದೂ ಹೆಸರುಗಳನ್ನು ನಿಯತಗೊಳಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಪ್ರಸಂಗವನ್ನು ಪಾಠ ಹೇಳುವ ಉಪಾಧ್ಯಾಯರು ಈ ಮೂರರ ಅಂತರವನ್ನು ವಿದ್ಯಾರ್ಥಿಗಳಿಗೆ ತೋರಿಸಿದರೆ ಕಾವ್ಯಾರ್ಥವೂ ವ್ಯವಹಾರಜ್ಞಾನವೂ ಒಟ್ಟಿಗೆ ಸಿದ್ಧಿಸುವುವು.