ರನ್‌ವೇ ಮೇಲಿನ ಸೀತೆ

ಋತ್ವಿಕ್ ಘಟಕರ ಹೆಸರೆತ್ತಿದರೆ ನಮ್ಮ ವಿಮರ್ಶಕರು ಮೊದಲು ಹೋಗಿ ನಿಲ್ಲುವುದು 'ಮೇಘೇ ಢಾಕಾ ತಾರಾ'ದ ಎದುರಿಗೆ. 1960ರ ಆ ಚಿತ್ರಕ್ಕೆ ಸಲ್ಲಬೇಕಾದ ಮನ್ನಣೆ ಸಂದಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ 1962ರಲ್ಲಿ ಮುಗಿದು 1965ರಲ್ಲಷ್ಟೇ ತೆರೆ ಕಂಡ 'ಸುವರ್ಣರೇಖಾ'ವನ್ನು ಅದರ ನೆರಳಿನಲ್ಲಿಟ್ಟು ನೋಡುವ ರೂಢಿಯನ್ನು ಒಪ್ಪಲಾಗದು. ಅದನ್ನು ಈಶ್ವರ ಚಕ್ರವರ್ತಿಯ ಪತನದ ಕಥೆಯೆಂದು, ಆದರ್ಶ ಬಿಟ್ಟು ಸಂಬಳಕ್ಕೆ ಸೇರಿದ ನಿರಾಶ್ರಿತನೊಬ್ಬ ಕೊನೆಗೆ ಸೂಳೆಗೇರಿಯಲ್ಲಿ ತಂಗಿಯೆದುರೇ ನಿಲ್ಲಬೇಕಾದ ದುರಂತವೆಂದು ಓದುತ್ತ ಬಂದಿದ್ದೇವೆ. ನನ್ನ ದೃಷ್ಟಿಯಲ್ಲಿ ಚಿತ್ರದ ಕೇಂದ್ರದಲ್ಲಿರುವವನು ಈಶ್ವರನಲ್ಲ. ಬಿಟ್ಟುಬಂದ ಊರಿನ ನೆನಪೇ ಸರಿಯಾಗಿ ಇಲ್ಲದ ಇಬ್ಬರು ಮಕ್ಕಳು, ಅವನ ತಂಗಿ ಸೀತಾ ಮತ್ತು ಅವನು ಸಾಕಿದ ಹುಡುಗ ಅಭಿರಾಮ, ಚಿತ್ರವನ್ನು ಹೊತ್ತು ನಡೆಸುತ್ತಾರೆ. ವಲಸೆ ಬಂದ ಸಮುದಾಯದ ನೆನಪು ಹಿರಿಯರಿಂದ ಕಿರಿಯರಿಗೆ ಹಾಗೆಯೇ ಇಳಿದುಬರುತ್ತದೆ ಎಂಬ ನಂಬಿಕೆಯನ್ನು ಈ ಚಿತ್ರ ಒಡೆದಷ್ಟು ಸ್ಪಷ್ಟವಾಗಿ ದೇಶವಿಭಜನೆಯ ಬೇರೆ ಕೃತಿಗಳು ಒಡೆದದ್ದು ಕಡಿಮೆ.

ಪಾಳುಬಿದ್ದ ವಿಮಾನನಿಲ್ದಾಣದ ದೃಶ್ಯಗಳನ್ನು ನೋಡಿ. ಎರಡನೇ ಮಹಾಯುದ್ಧದಲ್ಲಿ ಬಳಸಿ ಬಿಟ್ಟುಹೋದ ರನ್‌ವೇ, ಮುರಿದ ವಿಮಾನ, ಸುತ್ತ ಬಯಲು. ಕೈಚಾಚಿ ಓಡುವ ಮಕ್ಕಳು ತಾವೇ ವಿಮಾನವಾಗುತ್ತಾರೆ. ಅದೇ ಯುದ್ಧದ ಕಾಲದಲ್ಲಿ, 1943ರ ಕ್ಷಾಮದಲ್ಲಿ, ಬಂಗಾಳದ ಲಕ್ಷಾಂತರ ಜನ ಹಸಿದು ಸತ್ತರು. ಹಿರಿಯರ ಪಾಲಿಗೆ ಆ ಸಿಮೆಂಟಿನ ಪಟ್ಟಿ ಸಾವಿನ ಗುರುತು. ಚಿತ್ರದಲ್ಲಿ ಹರಪ್ರಸಾದನ ಪಾತ್ರ ಮಾಡಿದ ಬಿಜನ್ ಭಟ್ಟಾಚಾರ್ಯರು ಆ ಕ್ಷಾಮದ ಮೇಲೆ 'ನವಾನ್ನ' ನಾಟಕ ಬರೆದವರು. ಆ ನೆನಪು ನಟನ ಮೈಯಲ್ಲೇ ಇದೆ. ಮಕ್ಕಳಿಗೆ ಇದಾವುದೂ ತಿಳಿಯದು. ಅವರಿಗೆ ಅದು ತಾವಾಗಿ ಕಂಡುಕೊಂಡ ಮೊದಲ ಜಾಗ, ಯಾರ ಅಪ್ಪಣೆಯೂ ಬೇಡದ ಅಂಗಳ. ಘಟಕರು ಇಲ್ಲಿ ಮಕ್ಕಳ ಮುಗ್ಧತೆಯನ್ನು ಮುದ್ದು ಮಾಡುವುದಿಲ್ಲ. ಒಬ್ಬರ ಅವಶೇಷ ಇನ್ನೊಬ್ಬರ ತವರಾಗುವ ಪ್ರಕ್ರಿಯೆಯನ್ನು ಕಣ್ಣಮುಂದೆ ನಡೆಸಿ ತೋರಿಸುತ್ತಾರೆ. ಮುಂದೆ ಅದೇ ಬಯಲಿನಲ್ಲಿ ತನ್ನ ಪಾಡಿಗೆ ನಡೆದುಬರುವ ಸೀತೆಯ ಎದುರು ಥಟ್ಟನೆ ಕಾಳಿ ನಿಲ್ಲುತ್ತಾಳೆ, ನಾಲಿಗೆ ಚಾಚಿ, ಪರದೆ ತುಂಬಿ. ಹುಡುಗಿ ಕಿರುಚುತ್ತಾಳೆ. ಮರುಕ್ಷಣ ತಿಳಿಯುತ್ತದೆ, ಅವನೊಬ್ಬ ಬಹುರೂಪಿ, ನಮ್ಮ ಹಗಲುವೇಷದವರ ಹಾಗೆ ವೇಷ ಕಟ್ಟಿ ಹೊಟ್ಟೆ ಹೊರೆಯುವ ಬಡವ. ತಾನು ಹೆದರಿಸಲಿಲ್ಲ, ಮಗುವೇ ಎದುರು ಬಂತು ಎಂಬುದು ಅವನ ಸಮಜಾಯಿಷಿ. ಹುಡುಗಿಯನ್ನು ಸಂತೈಸುವ, ಈಶ್ವರ ಕೆಲಸಕ್ಕೆ ಸೇರಿದ ಕಾರ್ಖಾನೆಯ ಮುದಿ ಮ್ಯಾನೇಜರ್ ಅವಳಿಗೆ ಜನಕನ ಮಗಳು ಸೀತೆಯ ಕಥೆ ಹೇಳುತ್ತಾನೆ. ನೇಗಿಲ ಸಾಲಿನಲ್ಲಿ ಸಿಕ್ಕಿ, ಕೊನೆಗೆ ನೆಲದೊಳಕ್ಕೇ ಹೋದವಳ ಕಥೆ.

ಈ ಭಾಗದ ಮೇಲೆ ಬಂದಿರುವ ಬರವಣಿಗೆ ಬಹುಪಾಲು ಮನೋವಿಜ್ಞಾನಿ ಯೂಂಗ್‌ನ ದಾರಿ ಹಿಡಿದಿದೆ. ಕಾಳಿ ಎಂದರೆ ಉಗ್ರ ಮಾತೃರೂಪ, ಸಾಮೂಹಿಕ ಅಪ್ರಜ್ಞೆಯಿಂದ ಎದ್ದುಬಂದ ಮೂಲಪ್ರತಿಮೆ ಎಂಬ ವ್ಯಾಖ್ಯಾನ. ಘಟಕರೇ ಯೂಂಗ್‌ನನ್ನು ಓದಿದ್ದರು, ಈ ಮಾತನ್ನು ತಾವೇ ಹೇಳಿಯೂ ಇದ್ದರು. ವಿಮರ್ಶಕರಿಗೆ ಅದಕ್ಕಿಂತ ದೊಡ್ಡ ಆಧಾರ ಬೇಕಾಗಲಿಲ್ಲ. ಆದರೆ ನಿರ್ದೇಶಕ ತನ್ನ ಕೃತಿಯ ಬಗ್ಗೆ ಕೊಟ್ಟ ವಿವರಣೆ ಕೃತಿಗಿಂತ ಮೇಲಲ್ಲ. ಮೂಲಪ್ರತಿಮೆಯೇ ಆಗಿದ್ದರೆ ಅದು ಸೀತೆಯ ಒಳಗಿನಿಂದ ಏಳಬೇಕಿತ್ತು. ಇಲ್ಲಿ ಕಾಳಿ ಬರುವುದು ಹೊರಗಿನಿಂದ, ಹೊಟ್ಟೆಪಾಡಿನವನೊಬ್ಬನ ಮೈಮೇಲೆ. ಸೀತಾಯಣ ಬರುವುದು ಮುದುಕನೊಬ್ಬನ ಬಾಯಿಂದ. ಬಂಗಾಳದ ಸಾಮೂಹಿಕ ನೆನಪು ಈ ಮಗುವಿಗೆ ತಲುಪುತ್ತಿರುವುದು ಅಪರಿಚಿತರ ಮೂಲಕ, ಅಪಘಾತವಾಗಿ, ಅದೂ ಯುದ್ಧದ ಬಯಲಿನಲ್ಲಿ. ಮನೆತನ, ಊರು, ಹಬ್ಬಗಳ ಮೂಲಕ ಬರಬೇಕಾದದ್ದು ಹೀಗೆ ಬರುತ್ತಿದೆ ಎಂಬುದೇ ವಲಸೆಯ ಗಾಯ. ಯೂಂಗ್‌ವಾದಿಗಳು ಈ ಗಾಯವನ್ನು ಅನಾದಿ ಕಾಲಕ್ಕೆ ತಳ್ಳಿ, 1947ರ ಹೊಣೆಯನ್ನು ಪುರಾಣಕ್ಕೆ ಹೊರಿಸಿಬಿಡುತ್ತಾರೆ. ದೃಶ್ಯದ ಅರ್ಧ ಭಾಗ, ಆ ಬಡ ವೇಷಧಾರಿಯ ಸಮಜಾಯಿಷಿ, ಅವರ ಬರಹಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಕಾಕತಾಳೀಯಗಳದು. ಅಭಿರಾಮ ಕಳೆದುಕೊಂಡ ತಾಯಿ ರೈಲು ನಿಲ್ದಾಣದಲ್ಲಿ ಸಾಯುತ್ತ ಸಿಗುವುದು, ಸೀತೆಯ ಮೊದಲ ಗಿರಾಕಿಯಾಗಿ ಅಣ್ಣನೇ ಬರುವುದು ನಂಬುವಂತಿಲ್ಲ ಎಂಬ ದೂರು ಹಳೆಯದು. ಎರಡನೆಯದರ ಬಗ್ಗೆ ನನಗೂ ಅಸಮಾಧಾನವಿದೆ. ಘಟಕರು ಅಲ್ಲಿ ಪ್ರೇಕ್ಷಕನ ಕೈ ತಿರುಚುತ್ತಾರೆ. ಮೊದಲನೆಯದು ಹಾಗಲ್ಲ. ಸಾಯುವ ತಾಯಿಯಿಂದ ಅಭಿರಾಮ ಕೆಳಜಾತಿಯ ಬಾಗ್ದಿ ಎಂಬುದು ಬಯಲಾಗುತ್ತದೆ. ಆಗ ಈಶ್ವರ ತಾನೇ ಸಾಕಿದ ಹುಡುಗನನ್ನು ದೂರ ಮಾಡುತ್ತಾನೆ. ಊರು ಕಳೆದುಕೊಂಡವರು ಗಡಿ ದಾಟುವಾಗ ಮರೆಯದೆ ತಂದದ್ದು ಜಾತಿಯನ್ನು ಎಂಬ ಸತ್ಯ ಇಲ್ಲಿದೆ. ನಿರಾಶ್ರಿತರ ನವಜೀವನ ಕಾಲೊನಿಯಲ್ಲೂ ಹಾಗೆಯೇ, ಬಂದವರನ್ನು ಇವರು ನಮ್ಮ ಕಡೆಯವರೋ ಅಲ್ಲವೋ ಎಂದು ಮೊದಲು ವಿಂಗಡಿಸುತ್ತಾರೆ. ಈ ಹುಡುಗ ಮುಂದೆ ಕಾದಂಬರಿ ಬರೆಯುತ್ತಾನೆ, ಅದನ್ನು ಅಚ್ಚು ಹಾಕುವವರಿಲ್ಲ. ಬಸ್ ಓಡಿಸುತ್ತ ಅಪಘಾತವಾದಾಗ ಜನರ ಗುಂಪು ಅವನನ್ನು ಕೊಲ್ಲುತ್ತದೆ. ನಿರಾಶ್ರಿತ ಸಮುದಾಯ ತನ್ನ ನೆನಪು ಯಾವುದೆಂದು ಆರಿಸಿಕೊಳ್ಳುವಾಗ ಯಾರ ಬರಹವನ್ನು ಹೊರಗಿಟ್ಟಿತು ಎಂಬ ಪ್ರಶ್ನೆಯನ್ನು ಘಟಕರ ಜನ್ಮಶತಮಾನೋತ್ಸವದ ಹೊತ್ತಿಗಾದರೂ ಕೇಳಬೇಕಿತ್ತು.

ಸೀತೆ ಮಗ ಬಿನುವಿಗೆ ದಾಟಿಸುವುದು ಏನನ್ನು? ಪೂರ್ವ ಬಂಗಾಳವನ್ನಲ್ಲ. ಬಾಲ್ಯದಲ್ಲಿ ತಾನು ಹಾಡಿದ ಟ್ಯಾಗೋರರ ಹಾಡು, ಸುವರ್ಣರೇಖಾ ನದಿ, ಅದರ ದಂಡೆಯ ಹೊಸ ಮನೆ. ಅಣ್ಣ ಕಳೆದುಕೊಂಡ ಊರು ಬೇರೆ, ತಂಗಿ ಕಳೆದುಕೊಂಡ ಊರು ಬೇರೆ. ಒಂದೇ ಮನೆಯಲ್ಲಿ ಎರಡು ತವರುಗಳಿವೆ, ಮೂರನೇ ತಲೆಮಾರಿಗೆ ಉಳಿದುಬರುವುದು ಹುಡುಗಿ ಕಟ್ಟಿಕೊಂಡದ್ದು. ಹಾಗಾಗಿಯೇ ಬಿನು ಕೊನೆಯಲ್ಲಿ ಸೋದರಮಾವನನ್ನು ಎಳೆದುಕೊಂಡು ಆ ಮನೆಯತ್ತ ಹೊರಡುತ್ತಾನೆ. ಇದನ್ನು ಆಶಾವಾದವೆಂದು ಬರೆದವರು ಬಹಳ ಮಂದಿ. ಅವರು ಅದಕ್ಕೂ ಸ್ವಲ್ಪ ಮೊದಲು ಬರುವ ಸುದ್ದಿಯನ್ನು ಮರೆತಿದ್ದಾರೆ: ಈಶ್ವರನ ಕೆಲಸ ಹೋಗಿದೆ, ಕೆಲಸದ ಜೊತೆಗೇ ಆ ಮನೆಯೂ.